ಮಕ್ಕಳ ಹಲ್ಲಿಗೆ ಕ್ಲಿಪ್: ಮೊದಲ ತಪಾಸಣೆಯಿಂದ ರಿಟೇನರ್‌ವರೆಗೆ ಯಾವುದು ಮೊದಲು, ಯಾವುದು ಆಮೇಲೆ

ಕ್ಲಿಪ್ ತೆಗೆಸಿ ವರ್ಷ ಆಗಲಿಲ್ಲ, ಹಲ್ಲು ಮತ್ತೆ ಮುಂದೆ ಬಂತು. ತಂತಿ ಹಾಕಿಸಿ ಎರಡು ತಿಂಗಳಲ್ಲಿ ನಾಲ್ಕು ಸಲ ಕಿತ್ತು ಬಂತು. ಹಲ್ಲು ನೆಟ್ಟಗಾಯಿತು, ಆದರೆ ಮೇಲೆಲ್ಲ ಬಿಳಿ ಕಲೆ. ಉಡುಪಿಯಲ್ಲಿ ಮಗನ ಶಾಲೆಯ ಗೇಟಿನ ಹತ್ತಿರ ನಿಂತರೆ ಬೇರೆ ತಾಯಂದಿರಿಂದ ನಾನು ಮತ್ತೆ ಮತ್ತೆ ಕೇಳುವುದು ಈ ಮೂರು ಮಾತು. ಮೂರಕ್ಕೂ ಕಾರಣ ಹೆಚ್ಚಾಗಿ ಒಂದೇ. ಕ್ಲಿಪ್ ಹಾಕಿಸುವುದೇ ಮೊದಲ ಕೆಲಸ, ತೆಗೆಸುವುದೇ ಕೊನೆಯ ಕೆಲಸ ಎಂದು ನಾವು ಅಂದುಕೊಂಡಿರುತ್ತೇವೆ. ಹಾಕಿಸುವ ಮೊದಲು ನಾಲ್ಕು ಕೆಲಸ ಉಂಟು. ತೆಗೆಸಿದ ಮೇಲೆ ವರ್ಷಗಟ್ಟಲೆಯ ಕೆಲಸ ಉಂಟು.

ನಾನು ಡಾಕ್ಟರ್ ಅಲ್ಲ. ಇಬ್ಬರು ಮಕ್ಕಳಿಗೆ ಕ್ಲಿಪ್ ಹಾಕಿಸಿದ ತಾಯಿ. ದೊಡ್ಡವಳಿಗೆ ಮಾಡುವಾಗ ಕ್ರಮ ತಪ್ಪಿತು, ಚಿಕ್ಕವನಿಗೆ ಸರಿಯಾಯಿತು. ಯಾವ ಹಲ್ಲು ಎಷ್ಟು ಸರಿಯಬೇಕು ಎನ್ನುವುದು ಡಾಕ್ಟರ ಲೆಕ್ಕ. ಅದರ ಆಚೆಗೆ ಮನೆಯವರು ಮಾಡಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ.

## ಹಂತ 1: ಏಳನೇ ವರ್ಷಕ್ಕೆ ಒಮ್ಮೆ ತೋರಿಸಿ

"ಹಾಲು ಹಲ್ಲು ಎಲ್ಲ ಬಿದ್ದು ಮುಗಿಯಲಿ, ಮತ್ತೆ ನೋಡುವ" ಎಂದು ಹೆಚ್ಚಿನವರು ಕಾಯುತ್ತಾರೆ. ಕ್ಲಿಪ್ ಹಾಕಿಸಲು ಕಾಯಬಹುದು, ತೋರಿಸಲು ಕಾಯಬಾರದು. 7 ವರ್ಷದ ಹೊತ್ತಿಗೆ ಹಿಂದಿನ ಮೊದಲ ಶಾಶ್ವತ ದವಡೆ ಹಲ್ಲು ಮತ್ತು ಮುಂದಿನ ಕೆಲವು ಹಲ್ಲು ಬಂದಿರುತ್ತವೆ. ದವಡೆ ಯಾವ ಕಡೆ ಬೆಳೆಯುತ್ತಿದೆ ಎಂದು ಅಷ್ಟರಲ್ಲಿ ತಿಳಿಯುತ್ತದೆ. ಹೆಚ್ಚಿನ ಮಕ್ಕಳನ್ನು "ಆರು ತಿಂಗಳು ಬಿಟ್ಟು ಬನ್ನಿ" ಎಂದು ಕಳಿಸುತ್ತಾರೆ. ಪೂರ್ತಿ ಕ್ಲಿಪ್ ಸಾಮಾನ್ಯವಾಗಿ 11ರಿಂದ 14ರ ನಡುವೆ ಬರುವ ಮಾತು.

ಆದರೆ ಕೆಲವು ಲಕ್ಷಣ ಕಂಡರೆ ಕಾಯಬೇಡಿ. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ನಿಂತರೆ ಕೂಡಲೇ ತೋರಿಸಿ. ದವಡೆ ಇನ್ನೂ ಬೆಳೆಯುತ್ತಿರುವಾಗ ಇದನ್ನು ತಿರುಗಿಸುವುದು ಸುಲಭ. ಬೆಳವಣಿಗೆ ನಿಂತ ಮೇಲೆ ಕೆಲವರಿಗೆ ಆಪರೇಷನ್ನೇ ಬೇಕಾಗುತ್ತದೆ. ಮಗು ರಾತ್ರಿ ಬಾಯಿ ತೆರೆದು ಉಸಿರಾಡಿದರೆ, ಗೊರಕೆ ಹೊಡೆದರೆ, ಮೊದಲು ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಮೂಗಿನ ಹಿಂದಿನ ಅಡೆತಡೆ ಹಾಗೆಯೇ ಉಳಿದರೆ ಹಲ್ಲಿನ ಚಿಕಿತ್ಸೆಗೂ ಅದು ತೊಂದರೆಯೇ. ನಾಲ್ಕೈದು ವರ್ಷ ಕಳೆದರೂ ಬೆರಳು ಚೀಪುವುದು ಬಿಡದಿದ್ದರೆ ಅದಕ್ಕೂ ಉಪಾಯ ಉಂಟು. ಬೈದು, ಬೆರಳಿಗೆ ಮೆಣಸು ಹಚ್ಚಿ ಮಗುವನ್ನು ಅಳಿಸಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಹಾಲಿನ ದವಡೆ ಹಲ್ಲು ಹುಳುಕಾಗಿ ಬೇಗ ಕೀಳಿಸಬೇಕಾಗಿ ಬಂದರೆ, "ಈ ಜಾಗ ಉಳಿಸಲು ಏನಾದರೂ ಹಾಕಬೇಕಾ?" ಎಂದು ಅಲ್ಲೇ ಕೇಳಿ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಆಮೇಲೆ ಬರುವ ಶಾಶ್ವತ ಹಲ್ಲಿಗೆ ದಾರಿಯೇ ಇರುವುದಿಲ್ಲ. ಒಂದು ಸಣ್ಣ ತಂತಿಯ ಕೊಂಡಿಯಿಂದ ಆ ಜಾಗ ಉಳಿಯುತ್ತದೆ.

ಇನ್ನು ಹೆದರಬೇಕಾಗಿಲ್ಲದ್ದು. 8ರಿಂದ 11ರ ವಯಸ್ಸಿನಲ್ಲಿ ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಸಂದು ಬಿಟ್ಟು, ಹಲ್ಲು ಬೀಸಣಿಗೆ ಹಾಗೆ ಹರಡಿಕೊಂಡಂತೆ ಕಾಣುವುದು ಸಾಮಾನ್ಯ. ಕೋರೆ ಹಲ್ಲು ಇಳಿಯುವಾಗ ಹೆಚ್ಚಿನ ಮಕ್ಕಳಿಗೆ ಆ ಸಂದು ತಾನಾಗಿ ಮುಚ್ಚುತ್ತದೆ. ದಯವಿಟ್ಟು ಯಾರ ಮಾತು ಕೇಳಿಯೂ, ಯಾವ ವಿಡಿಯೋ ನೋಡಿಯೂ, ಆ ಎರಡು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ. ರಬ್ಬರ್ ಜಾರಿ ವಸಡಿನ ಒಳಗೆ ಹೋಗುತ್ತದೆ, ಬೇರಿನುದ್ದಕ್ಕೂ ಮೇಲೇರುತ್ತದೆ. ಹುಳುಕಿಲ್ಲದ ಎರಡು ಒಳ್ಳೆ ಹಲ್ಲು ಸಡಿಲಾಗಿ ಬಿದ್ದೇ ಹೋಗಬಹುದು.

ಮೇಲಿನ ಕೋರೆ ಹಲ್ಲು 12-13 ಕಳೆದರೂ ಕಾಣದಿದ್ದರೆ ಒಂದು ಎಕ್ಸ್-ರೇ ಬೇಕು. ಅದು ಒಳಗೆ ಅಡ್ಡ ಮಲಗಿರಬಹುದು.

## ಹಂತ 2: ಯಾರ ಹತ್ತಿರ ಹೋಗುವುದು

ಹಲ್ಲಿನ ಡಾಕ್ಟರೆಲ್ಲ ಬಿ.ಡಿ.ಎಸ್. ಓದಿರುತ್ತಾರೆ. ಹಲ್ಲು, ದವಡೆ ಸರಿ ಕೂರಿಸುವುದನ್ನೇ ಮತ್ತೆ 3 ವರ್ಷ ಓದಿದವರು ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಮಾಡಿದವರು. ನಿಮಗೆ ಬೇಕಾದವರು ಅವರು. ಹೆಚ್ಚಿನ ಕ್ಲಿನಿಕ್‌ಗಳಿಗೆ ಅವರು ವಾರದಲ್ಲೋ ಹದಿನೈದು ದಿನಕ್ಕೋ ಒಮ್ಮೆ ಬಂದು ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ತಂತಿ ಚುಚ್ಚಿದ ದಿನ ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿ ಇಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ಇನ್ನೊಂದು ದಾರಿಯೂ ಉಂಟು, ಅದು ಡೆಂಟಲ್ ಕಾಲೇಜು. ಮಣಿಪಾಲದವರದ್ದು ಮಣಿಪಾಲದಲ್ಲೂ ಮಂಗಳೂರಿನಲ್ಲೂ ಉಂಟು. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ. ಇಷ್ಟು ಹತ್ತಿರ ಹತ್ತಿರ ಇಷ್ಟು ಕಾಲೇಜು ಇರುವ ಊರು ಕಡಿಮೆ. ಅಲ್ಲಿ ಎಂ.ಡಿ.ಎಸ್. ಓದುತ್ತಿರುವ ಡಾಕ್ಟರ್ ಕೆಲಸ ಮಾಡುತ್ತಾರೆ, ಪ್ರತಿ ಹಂತವನ್ನೂ ಹಿರಿಯರು ನೋಡುತ್ತಾರೆ. ಖರ್ಚು ಸಾಮಾನ್ಯವಾಗಿ ಕಡಿಮೆ, ಹೊತ್ತು ಜಾಸ್ತಿ. ಅರ್ಧ ದಿನ ಹೋಯಿತು ಎಂದೇ ಲೆಕ್ಕ ಹಾಕಿ.

ಕಾಲೇಜಿನಲ್ಲಿ ಕೇಳಲೇಬೇಕಾದ ಪ್ರಶ್ನೆ: "ಡಾಕ್ಟ್ರೇ, ನೀವು ಎಷ್ಟನೇ ವರ್ಷ?" ಚಿಕಿತ್ಸೆಗೆ ಒಂದೂವರೆಯಿಂದ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಕೊನೇ ವರ್ಷದವರು ಶುರು ಮಾಡಿದರೆ ನಡುವಿನಲ್ಲಿ ಅವರು ಪಾಸಾಗಿ ಹೋಗುತ್ತಾರೆ, ನಿಮ್ಮ ಮಗುವಿನ ಫೈಲು ಹೊಸಬರ ಕೈಗೆ ಬರುತ್ತದೆ. ಹಾಗಾದರೂ ಚಿಕಿತ್ಸೆ ಮುಂದುವರಿಯುತ್ತದೆ. ಆದರೆ ಹೊಸ ಡಾಕ್ಟರ ಹೆಸರು, ಮುಂದಿನ ತಾರೀಕು ಗೊತ್ತಾಗದೆ ತಿಂಗಳುಗಟ್ಟಲೆ ಸುಮ್ನೆ ಕೂತವರನ್ನು ನಾನು ನೋಡಿದ್ದೇನೆ.

ಮನೆಯಿಂದ ದೂರವನ್ನೂ ಲೆಕ್ಕಕ್ಕೆ ತನ್ನಿ. 4ರಿಂದ 6 ವಾರಕ್ಕೊಮ್ಮೆ ಹೋಗಬೇಕು. ಬೈಂದೂರಿನಿಂದ ಮಣಿಪಾಲಕ್ಕೆ, ಬೆಳ್ತಂಗಡಿಯಿಂದ ದೇರಳಕಟ್ಟೆಗೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಲು ಆಗುತ್ತದಾ? ಆಗದಿದ್ದರೆ ಹತ್ತಿರದ ಒಳ್ಳೆಯ ಕ್ಲಿನಿಕ್ಕೇ ಮೇಲು.

## ಹಂತ 3: ಪ್ಲಾನ್ ಕೈಗೆ ಬಂದ ಮೇಲೆ ಹಣ

ಚಿಕಿತ್ಸೆ ಶುರುವಾಗುವ ಮೊದಲು ಬಾಯಿಯ ಫೋಟೋ, ಹಲ್ಲಿನ ಅಚ್ಚು, ಎರಡು ಎಕ್ಸ್-ರೇ ಬೇಕು. ಒಂದರಲ್ಲಿ ಎಲ್ಲಾ ಹಲ್ಲೂ ಒಟ್ಟಿಗೆ ಕಾಣುತ್ತದೆ, ಅದಕ್ಕೆ ಓ.ಪಿ.ಜಿ. ಎನ್ನುತ್ತಾರೆ. ಇನ್ನೊಂದು ತಲೆಯನ್ನು ಪಕ್ಕದಿಂದ ತೆಗೆಯುವುದು, ಅದರಲ್ಲಿ ದವಡೆಯ ಅಳತೆ ಸಿಗುತ್ತದೆ. ಇದೇನೂ ಇಲ್ಲದೆ ಬಾಯಿ ನೋಡಿದ ದಿನವೇ "ನಾಳೆ ಹಾಕುವ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಅಚ್ಚು ತೆಗೆಯುವಾಗ ಕೆಲವು ಮಕ್ಕಳಿಗೆ ವಾಕರಿಕೆ ಬರುತ್ತದೆ. ಹೊಟ್ಟೆ ತುಂಬಾ ತಿನ್ನಿಸಿ ಕರೆದುಕೊಂಡು ಹೋಗಬೇಡಿ.

ಪ್ಲಾನ್ ಹೇಳುವ ದಿನ ಒಂದು ಪುಸ್ತಕ, ಪೆನ್ನು ಹಿಡಿದು ಹೋಗಿ. ಹಲ್ಲು ಕೀಳಬೇಕಾ, ಯಾವುದು, ಯಾಕೆ? ಎಷ್ಟು ತಿಂಗಳು? ಒಟ್ಟು ಎಷ್ಟು ಹಣ, ಎಷ್ಟು ಕಂತು? ಎಕ್ಸ್-ರೇ, ಹಲ್ಲು ಕೀಳುವುದು, ಕಿತ್ತು ಬಂದ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಮತ್ತೆ ಅಂಟಿಸುವುದು, ಕೊನೆಗೆ ರಿಟೇನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದ ಹಾಗೆ ಹಾಕುವುದು), ಇವೆಲ್ಲ ಆ ಮೊತ್ತದ ಒಳಗಾ ಹೊರಗಾ? ರಿಟೇನರಿನ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಎರಡು ವರ್ಷದ ನಂತರ ಅದಕ್ಕೆ ಬೇರೆ ಬಿಲ್ಲು ಬಂದಾಗ ಬೇಸರವಾಗುತ್ತದೆ, "ಮುಂದಿನ ತಿಂಗಳು ಮಾಡಿಸುವ" ಎಂದು ದೂಡುತ್ತಾರೆ. ಆ ಒಂದು ತಿಂಗಳಲ್ಲಿ ಹಲ್ಲು ಹಿಂದಿನ ದಾರಿ ಹಿಡಿದಿರುತ್ತದೆ.

ಸಾಲಾಗಿ ನಿಲ್ಲಲು ಜಾಗವೇ ಇಲ್ಲದಿದ್ದರೆ ಕೋರೆ ಹಲ್ಲಿನ ಹಿಂದಿನ ಹಲ್ಲನ್ನು ಕೀಳಲು ಹೇಳುತ್ತಾರೆ. ಇದನ್ನು ಕೇಳಿ ಅಜ್ಜ ಅಜ್ಜಿ ಗಾಬರಿಯಾಗುವುದು ಸಹಜ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಅದೇ ಎಕ್ಸ್-ರೇ ಹಿಡಿದು ಇನ್ನೊಬ್ಬ ಎಂ.ಡಿ.ಎಸ್. ಡಾಕ್ಟರಿಗೆ ತೋರಿಸಿ. ಕಿತ್ತ ಮೇಲೆ ಕೇಳಿ ಪ್ರಯೋಜನ ಇಲ್ಲ.

ಲೋಹದ ಬ್ರಾಕೆಟ್ ಗಟ್ಟಿ, ಕ್ರಯವೂ ಕಡಿಮೆ. ಹಲ್ಲಿನ ಬಣ್ಣದ ಸೆರಾಮಿಕ್ ಎದ್ದು ಕಾಣುವುದಿಲ್ಲ, ಆದರೆ ಬೇಗ ಒಡೆಯುತ್ತದೆ. ತೆಗೆದು ಹಾಕುವ ಪಾರದರ್ಶಕ ಅಲೈನರ್ ದಿನಕ್ಕೆ 20-22 ಗಂಟೆ ಬಾಯಲ್ಲಿರಬೇಕು. ನೀರಿನ ಬಾಟಲಿ ಶಾಲೆಯಲ್ಲೇ ಬಿಟ್ಟು ಬರುವ ಮಗುವಿಗೆ ಅದು ಆಗಲಿಕ್ಕಿಲ್ಲ. ನನ್ನ ಮಟ್ಟಿಗೆ ಆಡುವ ಮಕ್ಕಳಿಗೆ ಲೋಹದ್ದೇ ಸರಿ.

ಆಸ್ತಮಾ, ಹೃದಯದ ತೊಂದರೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ, ಇವನ್ನು ಕೇಳದಿದ್ದರೂ ಹೇಳಿ. ಅಗ್ಗದ ಬೆಂಡೋಲೆ ಹಾಕಿದರೆ ಕಿವಿ ತುರಿಸುತ್ತದೆ ಎಂದರೂ ಹೇಳಿ. ಅದು ನಿಕ್ಕಲ್ ಅಲರ್ಜಿ ಇರಬಹುದು, ತಂತಿಯಲ್ಲೂ ನಿಕ್ಕಲ್ ಇರುತ್ತದೆ.

ಗಲ್ಫಿನಲ್ಲಿ ಅಪ್ಪ ಕೆಲಸದಲ್ಲಿದ್ದು, ವರ್ಷದೊಳಗೆ ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಅದನ್ನೂ ಹೇಳಿ. ನಡುವಿನಲ್ಲಿ ಡಾಕ್ಟರ್ ಬದಲಾದರೆ ತುಂಬಾ ಕಷ್ಟ. ಹೋಗುವುದು ಖಂಡಿತ ಎಂದಾದರೆ ಅಲ್ಲಿ ಹೋಗಿಯೇ ಶುರು ಮಾಡುವುದು ಒಳ್ಳೆಯದು.

## ಹಂತ 4: ಮೊದಲು ಬಾಯಿ ಸರಿ ಮಾಡಿಸಿ

ನನ್ನ ಮಗಳ ವಿಷಯದಲ್ಲಿ ಕ್ರಮ ತಪ್ಪಿದ್ದು ಇಲ್ಲೇ. ಹಿಂದಿನ ಹಲ್ಲಿನಲ್ಲಿ ಸಣ್ಣ ಹುಳುಕಿತ್ತು. ರಜೆ ಮುಗಿಯುವುದರೊಳಗೆ ಕ್ಲಿಪ್ ಕೂರಬೇಕು ಎಂಬ ಆತುರ ನಮ್ಮದು, ಕ್ಲಿನಿಕ್ಕಿನವರೂ ತಡೆಯಲಿಲ್ಲ. ಐದು ತಿಂಗಳಲ್ಲಿ ಹುಳುಕು ಆಳಕ್ಕೆ ಇಳಿಯಿತು. ಕ್ಲಿಪ್‌ಗೆಂದು ಆ ಹಲ್ಲಿನ ಸುತ್ತ ಹಾಕಿದ್ದ ಉಂಗುರ ಬಿಚ್ಚಿ, ರೂಟ್ ಕೆನಾಲ್ ಮಾಡಿ, ಮತ್ತೆ ಉಂಗುರ ಹಾಕುವಷ್ಟರಲ್ಲಿ ಎರಡು ತಿಂಗಳು ಕಳೆಯಿತು.

ಕ್ರಮ ಹೀಗಿರಲಿ. ಮೊದಲು ಹುಳುಕಾದ ಹಲ್ಲೆಲ್ಲ ತುಂಬಿಸಿ. ಆಮೇಲೆ ಹಲ್ಲು ಕ್ಲೀನ್ ಮಾಡಿಸಿ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಹಲ್ಲು ಕೀಳುವುದಿದ್ದರೆ ಡಾಕ್ಟರ್ ಹೇಳಿದ ಹೊತ್ತಿಗೆ ಕೀಳಿಸಿ. ಪರೀಕ್ಷೆಯ ವಾರದಲ್ಲಿ ಮಾತ್ರ ಬೇಡ.

ಇದರ ಜೊತೆಗೆ ಒಂದು ತಿಂಗಳ ಪರೀಕ್ಷೆ ಮನೆಯಲ್ಲೇ ಮಾಡಿ. ಮಗು ಹೇಳಿಸಿಕೊಳ್ಳದೆ ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತದಾ? ಇಲ್ಲ ಎಂದಾದರೆ ಕ್ಲಿಪ್ ಹಾಕಿದ ಮೇಲೂ ಉಜ್ಜುವುದಿಲ್ಲ. ಅಭ್ಯಾಸವಾದ ಮೇಲೆಯೇ ಹಾಕಿಸಿ. ಮೂರು ತಿಂಗಳು ತಡವಾದರೆ ಹೆಚ್ಚಿನ ಮಕ್ಕಳಿಗೆ ನಷ್ಟವಿಲ್ಲ. ಬೆಳೆಯುವ ವಯಸ್ಸಿಗೇ ಸರಿಯಾಗಿ ಹಾಕಬೇಕಾದ ದವಡೆಯ ಸಾಧನ ಇದ್ದರೆ ಮಾತ್ರ ಡಾಕ್ಟರೇ "ತಡ ಮಾಡಬೇಡಿ" ಎನ್ನುತ್ತಾರೆ.

## ಹಂತ 5: ಹಾಕಿಸುವ ದಿನ ಮತ್ತು ಮೊದಲ ವಾರ

ಹಿಂದಿನ ದವಡೆ ಹಲ್ಲಿಗೆ ಉಂಗುರ ಹಾಕುವುದಿದ್ದರೆ ಕೆಲವು ದಿನ ಮೊದಲು ಹಲ್ಲಿನ ನಡುವೆ ಪುಟ್ಟ ರಬ್ಬರ್ ಸಿಕ್ಕಿಸುತ್ತಾರೆ. ಊಟ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ. ಮಗು ಕಡ್ಡಿ ಹಾಕಿ ಅದನ್ನು ತೆಗೆಯದ ಹಾಗೆ ನೋಡಿ. ಬಿದ್ದರೆ ಫೋನ್ ಮಾಡಿ.

ಬ್ರಾಕೆಟ್ ಅಂಟಿಸುವಾಗ ನೋವಿಲ್ಲ, ಇಂಜೆಕ್ಷನ್ ಇಲ್ಲ. ನಿಜವಾದ ನೋವು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಮರುದಿನ ಅದು ಜಾಸ್ತಿ, ಮೂರರಿಂದ ಐದು ದಿನದಲ್ಲಿ ಇಳಿಯುತ್ತದೆ. ನೋವಿನ ಔಷಧಿ ಯಾವುದು, ಮಗುವಿನ ತೂಕಕ್ಕೆ ಎಷ್ಟು ಎಂದು ಅಲ್ಲೇ ಬರೆಸಿಕೊಳ್ಳಿ. ಮನೆಯಲ್ಲಿ ದೊಡ್ಡವರಿಗೆ ತಂದಿಟ್ಟ ಮಾತ್ರೆ ಬೇಡ.

ಮೊದಲ ಮೂರು ದಿನಕ್ಕೆ ನಮ್ಮ ಅಡುಗೆಯೇ ಸಾಕು. ಗಂಜಿ, ನೀರ್ ದೋಸೆ, ಸೇಮಿಗೆ, ಮೂಡೆ, ಶೀರಾ, ಬಾಳೆಹಣ್ಣು, ಮೊಸರನ್ನ. ಜಗಿಯುವ ಕೆಲಸವೇ ಇಲ್ಲ. ತುಟಿಯ ಒಳಗೆ ತಂತಿ ತಾಗಿ ಹುಣ್ಣಾದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಲಿ.

ಅದೇ ದಿನ ಮನೆಗೆ ತರಬೇಕಾದ ಸಾಮಾನು: ಕ್ಲಿಪ್ ಹಾಕಿದವರಿಗೆಂದೇ ಇರುವ, ನಡುವಿನಲ್ಲಿ ತಗ್ಗಿರುವ ಬ್ರಷ್, ತಂತಿಯ ಅಡಿಗೆ ಹೋಗುವ ಪುಟ್ಟ ಬ್ರಷ್, ಚುಚ್ಚುವ ತಂತಿಗೆ ಹಚ್ಚುವ ಮೇಣದ ಡಬ್ಬಿ, ಒಂದು ಕೈಗನ್ನಡಿ, ಫ್ಲೋರೈಡ್ ಇರುವ ಪೇಸ್ಟ್. ಪೇಸ್ಟಿನ ಪೊಟ್ಟಣ ತಿರುಗಿಸಿ ಓದಿ. 1000 ಪಿ.ಪಿ.ಎಂ. ಹತ್ತಿರ ಫ್ಲೋರೈಡ್ ಎಂದು ಇರಬೇಕು. ಗಿಡಮೂಲಿಕೆಯ ಹಲವು ಪೇಸ್ಟಿನಲ್ಲಿ ಫ್ಲೋರೈಡ್ ಇರುವುದೇ ಇಲ್ಲ.

ಬ್ರಾಕೆಟ್ ಮೇಲೆ ಹಾಕುವ ಸಣ್ಣ ರಬ್ಬರಿಗೆ ಬಣ್ಣ ಆರಿಸಲು ಮಕ್ಕಳಿಗೆ ಹೇಳುತ್ತಾರೆ. ಬಿಳಿ, ಪಾರದರ್ಶಕ ಬೇಡ ಎನ್ನಿ. ನಮ್ಮ ಅರಶಿನದ ಗಸಿಗೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ನೀಲಿ, ಬೂದು ಬಣ್ಣವಾದರೆ ಗೊತ್ತಾಗುವುದಿಲ್ಲ.

## ಹಂತ 6: ಹಲ್ಲುಜ್ಜುವ ಕ್ರಮ

ಬಿಳಿ ಕಲೆ ಬರುವುದು ಕ್ಲಿಪ್‌ನಿಂದ ಎಂದು ಬಹಳ ಜನ ನಂಬಿದ್ದಾರೆ. ಅದು ಬ್ರಾಕೆಟ್ ಸುತ್ತ ಕೂತ ಕೊಳೆಯಿಂದ ಬರುತ್ತದೆ. ಕೊಳೆಯಲ್ಲಿರುವ ಕ್ರಿಮಿಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಹೊರಪದರದ ಖನಿಜ ಕರಗಿಸುತ್ತದೆ. ಸರಿಯಾಗಿ ಉಜ್ಜದಿದ್ದರೆ ಒಂದೇ ತಿಂಗಳಲ್ಲಿ ಕಲೆ ಶುರುವಾಗಬಹುದು. ಬ್ರಾಕೆಟ್ ಇದ್ದ ಜಾಗ ಬಿಟ್ಟು ಸುತ್ತಲೂ ಬೆಳ್ಳಗೆ ಗೆರೆ. ಕ್ಲಿಪ್ ತೆಗೆದ ದಿನವೇ ಅದು ಪೂರ್ತಿ ಕಾಣುವುದು. ಆಗ ಅಳುವ ಮಗುವನ್ನು ಸಮಾಧಾನ ಮಾಡುವುದು ಬಹಳ ಕಷ್ಟ.

ಮೊದಲು ನೀರಿನಲ್ಲಿ ಜೋರಾಗಿ ಮುಕ್ಕಳಿಸಿ ಅನ್ನದ ಅಗುಳು ಹೊರಗೆ ಬರಲಿ. ಆಮೇಲೆ ಬ್ರಷ್ಷನ್ನು ಓರೆಯಾಗಿ ಹಿಡಿದು ವಸಡು ಮತ್ತು ಬ್ರಾಕೆಟ್ ನಡುವಿನ ಪಟ್ಟಿ ಉಜ್ಜಲಿ. ಹೆಚ್ಚಿನ ಮಕ್ಕಳು ಬಿಡುವ ಜಾಗ ಇದೇ. ನಂತರ ಬ್ರಾಕೆಟ್‌ನ ಕೆಳಗಿನ ಪಟ್ಟಿ, ಆಮೇಲೆ ಜಗಿಯುವ ಭಾಗ, ಒಳಬದಿ. ಕೊನೆಗೆ ಪುಟ್ಟ ಬ್ರಷ್ಷನ್ನು ಪ್ರತಿ ಎರಡು ಬ್ರಾಕೆಟ್ ನಡುವೆ ತಂತಿಯ ಅಡಿಯಿಂದ ತೂರಿಸಿ ಎರಡು ಸಲ ಆಡಿಸಲಿ. ಎಲ್ಲ ಸೇರಿ ನಾಲ್ಕೈದು ನಿಮಿಷ. ಬಾಯಿ ಒಮ್ಮೆ ಉಗಿದರೆ ಸಾಕು, ಮತ್ತೆ ಮತ್ತೆ ನೀರು ಹಾಕಿ ತೊಳೆದರೆ ಫ್ಲೋರೈಡೂ ತೊಳೆದು ಹೋಗುತ್ತದೆ.

ದಿನಕ್ಕೆ ಎರಡು ಸಲ ಪೂರ್ತಿಯಾಗಿ. ರಾತ್ರಿಯದ್ದು ಯಾವ ಕಾರಣಕ್ಕೂ ತಪ್ಪಬಾರದು. ಮಧ್ಯಾಹ್ನ ಶಾಲೆಯಲ್ಲಿ ಮುಕ್ಕಳಿಸಿದರೂ ಸಾಕು.

ಹತ್ತು ಹನ್ನೊಂದು ವಯಸ್ಸಿನ ಮಗುವಿನ ಮಾತನ್ನು ನಂಬಿ ಸುಮ್ಮನಾಗಬೇಡಿ. ಭಾನುವಾರ ಬೆಳಗ್ಗೆ ಕಿಟಕಿ ಹತ್ತಿರ ಕೂರಿಸಿ, ತುಟಿ ಎತ್ತಿ ನೋಡಿ. ವಸಡು ಕೆಂಪಾಗಿ ಊದಿದೆಯಾ? ಬ್ರಾಕೆಟ್ ಸುತ್ತ ಹಳದಿ ಕೆನೆ ಉಂಟಾ? ಉಜ್ಜುವಾಗ ರಕ್ತ ಬರುತ್ತದಾ? ಈ ಮೂರರಲ್ಲಿ ಒಂದಿದ್ದರೂ ಉಜ್ಜುವುದು ಸಾಲುತ್ತಿಲ್ಲ. ರಕ್ತ ಬಂತು ಎಂದು ಉಜ್ಜುವುದನ್ನು ನಿಲ್ಲಿಸುವವರೇ ಜಾಸ್ತಿ. ಮೆತ್ತಗೆ, ಆದರೆ ಇನ್ನೂ ಚೆನ್ನಾಗಿ ಉಜ್ಜಬೇಕು. ಕೊಳೆ ಹೋದರೆ ರಕ್ತ ಕೆಲವೇ ದಿನದಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ತೋರಿಸಿ.

## ಹಂತ 7: ನಮ್ಮ ಊರಿನ ತಿಂಡಿಯಲ್ಲಿ ಯಾವುದು ಬೇಡ

ಕ್ಲಿನಿಕ್ಕಿನಲ್ಲಿ ಕೊಡುವ ಚೀಟಿಯಲ್ಲಿ ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್ ಎಂದೆಲ್ಲ ಇರುತ್ತದೆ. ಕೋರಿ ರೊಟ್ಟಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಬ್ರಾಕೆಟ್ ಎದ್ದದ್ದು ಅದರಿಂದಲೇ. ಒಣ ರೊಟ್ಟಿಯನ್ನು ಕಟಕಟ ಎಂದು ಮುರಿದು ತಿನ್ನಬಾರದು. ಬಿಸಿ ಸಾರಿನಲ್ಲಿ ಪೂರ್ತಿ ನೆನೆದು ಮೆತ್ತಗಾದ ಮೇಲೆ ತಿಂದರೆ ತೊಂದರೆ ಇಲ್ಲ. ಕೋಳಿಯ ತುಂಡನ್ನು ಕೈಯಲ್ಲಿ ಬಿಡಿಸಿಕೊಡಿ, ಎಲುಬು ಕಚ್ಚುವುದು ಬೇಡ.

ಹಬ್ಬಗಳೇ ದೊಡ್ಡ ಪರೀಕ್ಷೆ. ಅಷ್ಟಮಿಗೆ ಚಕ್ಕುಲಿ, ಉಂಡೆ. ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಕಬ್ಬು. ಮಳೆಗಾಲದಲ್ಲಿ ಮನೆಮನೆಯಲ್ಲೂ ಹಲಸಿನ ಹಪ್ಪಳ. ಕಬ್ಬು ಸಿಗಿದು ತಿನ್ನುವುದು ಪೂರ್ತಿ ನಿಲ್ಲಬೇಕು, ಅದರ ಬದಲು ಕಬ್ಬಿನ ಹಾಲು ಕೊಟ್ಟು ಕೂಡಲೇ ಬಾಯಿ ತೊಳೆಸಿ. ಚಕ್ಕುಲಿಯನ್ನು ಪುಡಿ ಮಾಡಿ ಮೊಸರಿಗೆ ಹಾಕಿ ಕೊಡುತ್ತಿದ್ದೆ. ಮಗನಿಗೆ ಅದು ಹಿಡಿಸಿತು, ಮಗಳಿಗೆ ಇಲ್ಲ. ಹಪ್ಪಳ, ಬಾಳೆಕಾಯಿ ಚಿಪ್ಸ್, ನೆಲಗಡಲೆ ಚಿಕ್ಕಿ, ಗಟ್ಟಿ ಎಳ್ಳುಂಡೆ ಬೇಡ. ಮಾವಿನ ರಸ ಒಣಗಿಸಿ ಮಾಡುವ ಮಾಂಬಳವೂ ಬೇಡ. ಮೆತ್ತಗಿದೆ ಎಂದು ಕೊಡುತ್ತಾರೆ, ಆದರೆ ಅದು ಬ್ರಾಕೆಟ್‌ಗೆ ಗೋಂದಿನ ಹಾಗೆ ಅಂಟಿ ಗಂಟೆಗಟ್ಟಲೆ ಕೂರುತ್ತದೆ. ಪೇರಳೆ, ಮಾವಿನಕಾಯಿ, ಕ್ಯಾರೆಟ್ ಮುಂದಿನ ಹಲ್ಲಿನಲ್ಲಿ ಕಚ್ಚದೆ ತೆಳ್ಳಗೆ ಹೆಚ್ಚಿ ಹಿಂದಿನ ಹಲ್ಲಿನಲ್ಲಿ ಜಗಿಯಲಿ. ಹುಣಸೆ, ಮಾವಿನ ಹಣ್ಣಿನ ಗೊರಟು ಚೀಪುವುದು, ಐಸ್ ತುಂಡು ಕಚ್ಚುವುದು, ಪೆನ್ನಿನ ತುದಿ ಜಗಿಯುವುದು, ಇವೂ ನಿಲ್ಲಬೇಕು.

ಪಾಪ, ಏನೂ ತಿನ್ನಲಿಕ್ಕಿಲ್ಲವಲ್ಲ ಎಂದು ಅನ್ನಿಸಬಹುದು. ಗೋಳಿ ಬಜೆ, ಬನ್ಸ್, ಪತ್ರೊಡೆ, ಪುಂಡಿ, ಕಡುಬು, ಬೇಯಿಸಿದ ಹಲಸಿನ ಬೀಜ, ಮುಳ್ಳು ತೆಗೆದ ಮೀನು, ಎಲ್ಲವೂ ಆಗುತ್ತದೆ. ಗಡ್‌ಬಡ್ ಐಸ್‌ಕ್ರೀಮನ್ನೂ ಗೋಡಂಬಿ ತೆಗೆದು ತಿನ್ನಬಹುದು, ಊಟದ ಜೊತೆಗೇ ಆಗಲಿ. ಸಿಹಿ ಎಷ್ಟು ತಿಂದರು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಎನ್ನುವುದು ಹಲ್ಲಿಗೆ ಹೆಚ್ಚು ಕೆಟ್ಟದ್ದು.

## ಹಂತ 8: ತಾರೀಕು ತಪ್ಪಿಸಬೇಡಿ, ರಬ್ಬರ್ ಬಿಡಬೇಡಿ

ಮೊದಲ ತಂತಿ ತೆಳ್ಳಗೆ, ಬಳುಕುವುದು. ಅದು ತನ್ನ ಆಕಾರಕ್ಕೆ ಮರಳಲು ಎಳೆಯುವಾಗ ಹಲ್ಲೂ ಜೊತೆಗೆ ಸರಿಯುತ್ತದೆ. ಆಮೇಲೆ ಹಂತ ಹಂತವಾಗಿ ದಪ್ಪ, ಗಟ್ಟಿ ತಂತಿ. ಆದ್ದರಿಂದ ಪ್ರತಿ ಭೇಟಿಗೂ ಕೆಲಸ ಉಂಟು. "ಹಲ್ಲು ನೆಟ್ಟಗಾಯಿತಲ್ಲ, ಮುಂದಿನ ತಿಂಗಳು ಹೋಗುವ" ಎಂದು ಬಿಟ್ಟವರ ಮಕ್ಕಳಿಗೆ ಎರಡು ವರ್ಷದ್ದು ಮೂರಾಗುತ್ತದೆ.

ಜೂನ್, ಜುಲೈಯಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ ಕ್ಲಿನಿಕ್ ತೆರೆದಿರುತ್ತದೆ. ಹೊರಗೆ ಹೋಗುವುದು ಅಪಾಯವಲ್ಲದಿದ್ದರೆ ಹೋಗಿ ಬನ್ನಿ. ಆಗದಿದ್ದರೆ ಅದೇ ದಿನ ಫೋನ್ ಮಾಡಿ, ಅದೇ ವಾರದಲ್ಲಿ ಬೇರೆ ದಿನ ಕೇಳಿ. ಮಾರ್ಚ್‌ನಲ್ಲಿ ಪರೀಕ್ಷೆ ಎಂದು ಮೊದಲೇ ಹೇಳಿದರೆ ನೋವು ಬರುವಂಥ ಕೆಲಸವನ್ನು ಅವರೇ ಆಚೀಚೆ ಮಾಡುತ್ತಾರೆ.

ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಸಿಕ್ಕಿಸುವ ಸಣ್ಣ ರಬ್ಬರ್ ಕೊಡುವ ದಿನ ಬರುತ್ತದೆ. ಇದು ಪೂರ್ತಿ ಮಗುವಿನ ಕೈಯಲ್ಲಿರುವ ಕೆಲಸ. ಹೆಚ್ಚಿನವರಿಗೆ ದಿನಕ್ಕೆ 20-22 ಗಂಟೆ ಹಾಕಲು ಹೇಳುತ್ತಾರೆ, ದಿನವೂ ಹೊಸದು. ರಾತ್ರಿ ಹಾಕಿ ಹಗಲು ತೆಗೆದರೆ ಹಲ್ಲು ಮುಂದೆ ಹೋಗಿ ಹಿಂದೆ ಬರುತ್ತದೆ, ನೋವು ಮಾತ್ರ ಉಳಿಯುತ್ತದೆ. ನಾಲ್ಕು ದಿನ ಮರೆತವರು ಎರಡೆರಡು ರಬ್ಬರ್ ಹಾಕಿ ಸರಿದೂಗಿಸಲು ನೋಡುತ್ತಾರೆ. ಬೇಡ. ಜಾಸ್ತಿ ಎಳೆದರೆ ಹಲ್ಲಿನ ಬೇರಿಗೆ ಪೆಟ್ಟು. ಒಂದು ಪೊಟ್ಟಣ ಶಾಲೆಯ ಬ್ಯಾಗಿನಲ್ಲಿ, ಒಂದು ಕನ್ನಡಿಯ ಹತ್ತಿರ ಇಟ್ಟರೆ ಮರೆಯುವುದು ಕಡಿಮೆ.

ಕಬಡ್ಡಿ, ಫುಟ್ಬಾಲ್, ಕ್ರಿಕೆಟ್ ಆಡುವ ಮಕ್ಕಳಿಗೆ ಮೌತ್‌ಗಾರ್ಡ್ ಕೇಳಿ. ಕ್ಲಿಪ್ ಇರುವಾಗ ಬಾಯಿಗೆ ಚೆಂಡು ಬಡಿದರೆ ತುಟಿಯ ಒಳಭಾಗ ಹರಿಯುತ್ತದೆ.

## ಹಂತ 9: ಕಿತ್ತು ಬಂದರೆ, ಚುಚ್ಚಿದರೆ

ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಆ ಜಾಗವನ್ನು ಹತ್ತಿಯಿಂದ ಒರೆಸಿ, ಕಡಲೆ ಗಾತ್ರದ ಮೇಣ ಉಂಡೆ ಮಾಡಿ ಒತ್ತಿ. ತೆಳ್ಳಗಿನ ತಂತಿಯನ್ನು ಪೆನ್ಸಿಲಿನ ಸ್ವಚ್ಛವಾದ ರಬ್ಬರ್ ತುದಿಯಿಂದ ಮೆಲ್ಲ ಒಳಕ್ಕೆ ದೂಡಬಹುದು. ಉಗುರು ಕತ್ತರಿಯಿಂದ ಮನೆಯಲ್ಲಿ ಕತ್ತರಿಸಲು ಹೋಗಬೇಡಿ, ತುಂಡು ಗಂಟಲಿಗೆ ಜಾರಬಹುದು.

ಬ್ರಾಕೆಟ್ ಸಡಿಲಾಗಿ ತಂತಿಯಲ್ಲೇ ನೇತಾಡುತ್ತಿದ್ದರೆ ಹಾಗೆಯೇ ಬಿಟ್ಟು ಮೇಣ ಹಚ್ಚಿ. ಪೂರ್ತಿ ಬಿದ್ದರೆ ಪುಟ್ಟ ಡಬ್ಬಿಯಲ್ಲಿ ಇಟ್ಟು ತೆಗೆದುಕೊಂಡು ಹೋಗಿ. ಎರಡೂ ಸಲ ಅದೇ ದಿನ ಫೋನ್ ಮಾಡಬೇಕು. "ಹೇಗೂ ಹದಿನೈದು ದಿನಕ್ಕೆ ಹೋಗಲಿಕ್ಕುಂಟಲ್ಲ" ಎಂದು ಬಿಟ್ಟರೆ ಆ ಒಂದು ಹಲ್ಲು ಮಾತ್ರ ಹಿಂದೆ ಉಳಿಯುತ್ತದೆ. ಸೂಪರ್ ಗ್ಲೂ ಹಾಕಿ ಅಂಟಿಸಿದವರೂ ಇದ್ದಾರೆ. ಬಾಯಿಗೆ ಹಾಕುವ ವಸ್ತು ಅದಲ್ಲ.

ತುಂಡು ನುಂಗಿದರೆ ಹೆಚ್ಚಿನ ಸಲ ತಾನಾಗಿ ಹೊರಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ನುಂಗಲು ಆಗದಿದ್ದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಮುಖ ಊದಿ ಜ್ವರ ಬಂದರೂ ಕಾಯಬೇಡಿ.

## ಹಂತ 10: ಕ್ಲಿಪ್ ತೆಗೆದ ಮೇಲೆ

ಅಕ್ಕನ ಮದುವೆ, ಶಾಲೆಯ ವಾರ್ಷಿಕೋತ್ಸವ, ಏನಾದರೂ ಬಂದಾಗ "ಸಾಕು ಡಾಕ್ಟ್ರೇ, ತೆಗೆದುಬಿಡಿ" ಎಂದು ಕೇಳುವವರು ಬಹಳ. ಮುಂದಿನ ಆರು ಹಲ್ಲು ನೆಟ್ಟಗೆ ಕಂಡರೆ ಕೆಲಸ ಮುಗಿದ ಹಾಗಲ್ಲ. ಹಿಂದಿನ ಹಲ್ಲುಗಳು ಮೇಲೆ ಕೆಳಗೆ ಸರಿಯಾಗಿ ಕೂಡಬೇಕು. ಅದು ಕನ್ನಡಿಯಲ್ಲಿ ನಮಗೆ ಕಾಣುವುದಿಲ್ಲ.

ತೆಗೆಯುವ ದಿನವೇ ರಿಟೇನರಿನ ಅಳತೆ ಕೊಟ್ಟು, ಅದು ಯಾವ ದಿನ ಸಿಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಹಲ್ಲು ಸರಿದ ಹೊಸ ಜಾಗದಲ್ಲಿ ಸುತ್ತಲಿನ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ವಸಡಿನ ನಾರು ಅದನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ರಿಟೇನರ್ ಒಂದೇ. ಮೊದಲ ಆರು ತಿಂಗಳಿಂದ ಒಂದು ವರ್ಷ ಊಟ, ಹಲ್ಲುಜ್ಜುವುದು ಬಿಟ್ಟು ಇಡೀ ದಿನ ಹಾಕಲು ಹೆಚ್ಚಿನ ಡಾಕ್ಟರು ಹೇಳುತ್ತಾರೆ. ಆಮೇಲೆ ರಾತ್ರಿ ಮಾತ್ರ, ವರ್ಷಗಟ್ಟಲೆ. ಹಲ್ಲಿನ ಹಿಂಬದಿಗೆ ಸಣ್ಣ ತಂತಿ ಅಂಟಿಸುವುದೂ ಉಂಟು. ಅದನ್ನು ತೆಗೆಯುವ ಕೆಲಸವಿಲ್ಲ, ಆದರೆ ಅದರ ಸುತ್ತ ಕ್ಲೀನ್ ಮಾಡಲು ಕಲಿಯಬೇಕು.

ರಿಟೇನರನ್ನು ತಣ್ಣೀರಿನಲ್ಲಿ ಮೆತ್ತಗಿನ ಬ್ರಷ್ಷಿನಿಂದ ತೊಳೆಯಿರಿ. ಕ್ರಿಮಿ ಸಾಯಲಿ ಎಂದು ಬಿಸಿನೀರು ಹಾಕಿದರೆ ಅದರ ಆಕಾರ ಕೆಡುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ. ಎಂಜಲಿನ ವಾಸನೆಗೆ ನಾಯಿಗಳು ಅದನ್ನು ಹುಡುಕಿಕೊಂಡು ಬಂದು ಜಗಿಯುತ್ತವೆ.

ನನ್ನ ಮಗಳು ಕಳೆದುಕೊಂಡದ್ದು ಮದುವೆ ಊಟದಲ್ಲಿ. ಊಟಕ್ಕೆ ಕೂರುವಾಗ ತೆಗೆದು ಬಾಳೆಲೆಯ ತುದಿಯಲ್ಲಿಟ್ಟಳು. ಪಾಯಸ ಆಯಿತು, ಎಲೆ ಮಡಚಿದಳು, ಕೈ ತೊಳೆದಳು. ಮನೆಗೆ ಬಂದ ಮೇಲೆ ನೆನಪಾಯಿತು. ಅಷ್ಟರಲ್ಲಿ ಎಲೆಯೆಲ್ಲ ಗಾಡಿಗೆ ಹೋಗಿತ್ತು. ಹೊಸದು ಮಾಡಿಸಲು ನಾವು ಏಳು ವಾರ ತಡ ಮಾಡಿದೆವು. ಅಷ್ಟು ಹೊತ್ತಿಗೆ ಕೆಳಗಿನ ಎರಡು ಹಲ್ಲು ತಿರುಗಿತ್ತು, ಈಗಲೂ ತಿರುಗಿಯೇ ಇದೆ.

ಮಗನಿಗೆ ಆದ್ದರಿಂದ ಒಂದೇ ಕಟ್ಟುನಿಟ್ಟು. ರಿಟೇನರ್ ಬಾಯಲ್ಲಿರಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿರಬೇಕು. ಟಿಶ್ಯೂ, ಜೇಬು, ಎಲೆಯ ತುದಿ ಯಾವುದೂ ಇಲ್ಲ. ಡಬ್ಬಿಯ ಮೇಲೆ ನಮ್ಮ ಫೋನ್ ನಂಬರ್ ಬರೆದಿದ್ದೇನೆ, ಬಣ್ಣ ಕೆಂಪು, ದೂರಕ್ಕೂ ಕಾಣುತ್ತದೆ.

ಹಾಗೂ ಕಳೆದರೆ, ಮುರಿದರೆ, ಮರುದಿನ ಬೆಳಗ್ಗೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿ ಅಳತೆಗೆ ಹೋಗಿ. ಕೆಲವು ದಿನ ಬಿಟ್ಟು ಹಾಕಿದಾಗ ಬಿಗಿ ಅನ್ನಿಸಿದರೆ ಹಲ್ಲು ಸ್ವಲ್ಪ ಸರಿದಿದೆ ಎಂದು ಅರ್ಥ. ಪೂರ್ತಿ ಕೂರುತ್ತದೆ ಎಂದಾದರೆ ಅಂದಿನಿಂದಲೇ ಮತ್ತೆ ಇಡೀ ದಿನ ಹಾಕಲಿ, ಡಾಕ್ಟರಿಗೂ ತಿಳಿಸಿ. ಕೂರದಿದ್ದರೆ ಒತ್ತಿ ಕೂರಿಸಬೇಡಿ. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಮಗುವನ್ನು ಕರೆದುಕೊಂಡು ಹೋಗಿ.